ಓದುಗರ ಪ್ರಶ್ನೆ: ಗುಜರಿ ಅಂಬಾಸಿಡರ್‌ನ ಹಿಂಬದಿಯಿಂದ ಟ್ರೇಲರ್

ಹಳೆಯ ಕಾರಿನ ಬಾಡಿಯನ್ನು ಟ್ರೇಲರ್ ಮಾಡುವ ಬಗ್ಗೆ ಕಾಸರಗೋಡು ಜಿಲ್ಲೆಯ ಓದುಗರು ಕೇಳಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಜಾಲಿನ ಮೂಲೆಯಲ್ಲಿ ವರ್ಷಗಟ್ಟಲೆ ನಿಂತ ಅಂಬಾಸಿಡರ್ ಇದೆ. ಎಂಜಿನ್, ಗೇರ್‌ಬಾಕ್ಸ್ ಗುಜರಿಗೆ ಹೋಗಿವೆ. ಹಿಂದಿನ ಅರ್ಧ ಇನ್ನೂ ಗಟ್ಟಿ. ಅದನ್ನು ಕತ್ತರಿಸಿ ಜೀಪಿನ ಹಿಂದೆ ಕಟ್ಟಿದರೆ ತೋಟದೊಳಗೆ ಅಡಿಕೆ, ಗೊಬ್ಬರ ಸಾಗಿಸಬಹುದೆ? ಎಲ್ಲಿ ಕತ್ತರಿಸಬೇಕು? ಬೇರೆ ಚಾಸಿ (ಭಾರ ಹೊರುವ ಕೆಳಗಿನ ಚೌಕಟ್ಟು) ಬೇಕೆ? (ಬದಿಯಡ್ಕ)

ಉತ್ತರ: ಬೇಕೇ ಬೇಕು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರಿನ ಅಚ್ಚಿನಿಂದ ಬಂದ ಈ ಕಾರಿಗೆ ಲಾರಿ, ಜೀಪಿನ ಹಾಗೆ ಪ್ರತ್ಯೇಕ ಚಾಸಿ ಇಲ್ಲ. 2014ರಲ್ಲಿ ಉತ್ತರಪಾರಾ ಕಾರ್ಖಾನೆ ನಿಲ್ಲುವ ತನಕ ಅದು ಹಾಗೆಯೇ ಇತ್ತು. ನೆಲದ ತಗಡು, ಬಾಗಿಲಡಿಯ ಸಿಲ್, ಕಂಬಗಳು, ಟಾಪು ಎಲ್ಲ ಸೇರಿ ಮುಚ್ಚಿದ ಪೆಟ್ಟಿಗೆಯಾಗಿ ಭಾರ ಹೊರುತ್ತವೆ. ಬೆಂಕಿಪೊಟ್ಟಣದ ಒಂದು ತುದಿ ಕಿತ್ತು ಒತ್ತಿ ನೋಡಿ, ಹೇಗೆ ಓರೆಯಾಗುತ್ತದೆ! ಕತ್ತರಿಸಿದ ಕಾರಿನ ಕಥೆಯೂ ಅದೇ. ಬಾಡಿಯಿಂದ ಸಿಗುವುದು ಅಂದ ಮಾತ್ರ, ಭಾರವೆಲ್ಲ ಕೆಳಗಿನ ಹೊಸ ಫ್ರೇಮಿನದು ಎಂದು ಲೆಕ್ಕ ಹಾಕಿಯೇ ಕೆಲಸ ಶುರು ಮಾಡಿ.

ಕತ್ತರಿಸುವ ಗೆರೆ ನಡುಕಂಬದ ಮುಂದೆ ಎರಡು-ಮೂರು ಇಂಚು ಇರಲಿ. ಹಿಂದಿನ ಬಾಗಿಲಿನ ಹಿಂಜ್‌ಗಳು ಆ ಕಂಬದಲ್ಲೇ ಇರುವುದರಿಂದ ಅದು ಇಡಿಯಾಗಿ ಉಳಿಯಬೇಕು. ಕತ್ತರಿಸುವ ಮೊದಲೇ ಬಾಗಿಲುಗಳನ್ನು ಮುಚ್ಚಿ, ಒಳಗಿನಿಂದ ಕಂಬಕ್ಕೆ ಕಂಬ ಒಂದಿಂಚಿನ ಚೌಕ ಪೈಪನ್ನು ಅಡ್ಡಡ್ಡ ಗುಣಿಸು ಚಿಹ್ನೆಯಂತೆ ವೆಲ್ಡ್ ಮಾಡಿ. ಇದನ್ನು ಬಿಟ್ಟರೆ ಬಾಗಿಲಿನ ಚೌಕಟ್ಟು ಅರ್ಧ ಇಂಚು ಸರಿದೀತು. ಆಮೇಲೆ ಯಾವ ಟಿಂಕರಿಂಗ್‌ನಿಂದಲೂ ಬಾಗಿಲು ಸಲೀಸಾಗಿ ಬೀಳುವುದಿಲ್ಲ.

ಪೆಟ್ರೋಲ್ ಟ್ಯಾಂಕನ್ನೂ ಅದರ ಪೈಪನ್ನೂ ಎಲ್ಲಕ್ಕಿಂತ ಮೊದಲು ಬಿಚ್ಚಿ ದೂರ ಇಡಿ. ಎಷ್ಟೋ ವರ್ಷದಿಂದ ಒಣಗಿದೆ ಎಂಬ ಧೈರ್ಯ ಬೇಡ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕಿನೊಳಗಿನ ಆವಿಯೇ ಹೆಚ್ಚು ಅಪಾಯ. ಗ್ಯಾಸ್ ಕಟ್ಟರ್ ತರಿಸಬೇಡಿ, ತೆಳು ತಗಡು ಕಾವಿಗೆ ಸುಕ್ಕುಗಟ್ಟುತ್ತದೆ, ನೆಲಕ್ಕೆ ಅಂಟಿಸಿದ ಟಾರಿನ ಹಾಳೆಗೆ ಬೆಂಕಿ ಹತ್ತುತ್ತದೆ. ನಾಲ್ಕಿಂಚಿನ ಗ್ರೈಂಡರ್, 1 ಮಿಲಿಮೀಟರ್ ಕಟಿಂಗ್ ಡಿಸ್ಕ್, ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಸಾಕು. ಹಳೆಯ ಬಣ್ಣದಲ್ಲಿ ಸೀಸ ಇರಬಹುದು.

ಇನ್ನು ಫ್ರೇಮು. ಬಾಡಿ, ಆಕ್ಸಿಲ್, ಹೊರೆ ಎಲ್ಲ ಸೇರಿ ಒಟ್ಟು 750 ಕಿಲೋ ದಾಟದಂತೆ ಯೋಚಿಸೋಣ. 75×40 ಮಿಲಿಮೀಟರಿನ ಸಿ ಚಾನೆಲ್ (ಸಿ ಆಕಾರದ ಉಕ್ಕಿನ ಪಟ್ಟಿ) ಸಾಕು. ಅದು ಮೀಟರಿಗೆ ಸುಮಾರು 7 ಕಿಲೋ ತೂಗುತ್ತದೆ. 2.2 ಮೀಟರಿನ ಎರಡು ಉದ್ದದ ರೇಲು, ಮೂಕಿಗೆ (ಜೀಪಿಗೆ ಕಟ್ಟಲು ಮುಂದೆ ಚಾಚಿದ ದಂಡಕ್ಕೆ) 2.1 ಮೀಟರಿನ ಎರಡು ಕಾಲು: 6 ಮೀಟರಿನ ಎರಡು ಚಾನೆಲ್ ತಂದರೆ ಸ್ವಲ್ಪ ಉಳಿಯುತ್ತದೆ. ಅಡ್ಡಪಟ್ಟಿಗೆ 50×50×6ರ ಆಂಗಲ್ ನಾಲ್ಕು. ಎರಡು ರೇಲುಗಳ ನಡುವಿನ ಅಂತರ ಕಾರಿನ ಲೀಫ್ ಸ್ಪ್ರಿಂಗ್‌ಗಳ ನಡುವಿನ ಅಂತರಕ್ಕೆ ಸರಿಹೋಗಲಿ. ಸ್ಪ್ರಿಂಗಿನ ಹ್ಯಾಂಗರ್‌ಗಳನ್ನು ಬಾಡಿಯಿಂದ ತೆಗೆದು 8 ಮಿಲಿಮೀಟರ್ ಪ್ಲೇಟಿನಲ್ಲಿ ಹೊಸದಾಗಿ ಮಾಡಿ ರೇಲಿಗೆ ವೆಲ್ಡ್ ಮಾಡಿ.

ಮೂಕಿಯ ಎರಡು ಕಾಲುಗಳು ಮುಂದಿನ ಅಡ್ಡಪಟ್ಟಿಯ ಮುಖಕ್ಕೆ ತಾಗಿ ನಿಲ್ಲಬಾರದು. ಫ್ರೇಮಿನಡಿಯಲ್ಲಿ ಕನಿಷ್ಠ 70 ಸೆಂಟಿಮೀಟರ್ ಹಿಂದಕ್ಕೆ ಸಾಗಿ ಎರಡನೆಯ ಅಡ್ಡಪಟ್ಟಿಗೂ ಸೇರಬೇಕು. ಮುಖಕ್ಕೆ ಮಾತ್ರ ಹಚ್ಚಿದ ಮೂಕಿ ಮುರಿಯುವುದು ಯಾವಾಗಲೂ ಅದೇ ಬೆಸುಗೆಯ ಅಂಚಿನಲ್ಲಿ, ಸಾಮಾನ್ಯವಾಗಿ ಹೊಂಡಕ್ಕೆ ಬಿದ್ದಾಗ.

ಬಾಡಿಯನ್ನು ಫ್ರೇಮಿಗೆ ವೆಲ್ಡ್ ಮಾಡಬೇಡಿ. ಒಂದು ಮಿಲಿಮೀಟರಿನ ತಗಡು ದಪ್ಪ ಚಾನೆಲ್ಲಿಗೆ ಅಂಟಿದರೆ ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಡುತ್ತದೆ. 10 ಮಿಲಿಮೀಟರಿನ ರಬ್ಬರ್ ಪ್ಯಾಡ್ ಇಟ್ಟು ಎಂಟು ಕಡೆ ಎಂ10 ಬೋಲ್ಟು ಹಾಕಿ, ಒಳಗಿನಿಂದ ಅಂಗೈಯಗಲದ ಪ್ಲೇಟಿನ ವಾಷರ್ ಕೊಡಿ. ಬಾಡಿ ಮೂರು ಇಂಚಿನಷ್ಟು ಮೇಲೇಳುತ್ತದೆ, ನಿಜ. ನೋಟ ಕೆಡುತ್ತದೆಂದು ಆಕ್ಸಿಲ್ ಮೇಲೆ ಚಾನೆಲ್ಲಿಗೆ ಕಚ್ಚು ಹಾಕಿದರೆ, ಹೆಚ್ಚು ಭಾರ ಬೀಳುವ ಜಾಗದಲ್ಲೇ ಫ್ರೇಮಿನ ಬೆನ್ನು ಮುರಿದ ಹಾಗೆ.

ಕಾರಿನದೇ ಹಿಂದಿನ ಆಕ್ಸಿಲ್ ಉಳಿಸಿಕೊಳ್ಳಿ. ಭಾರ ಜಾಸ್ತಿ, ಆದರೆ ಹಬ್, ಚಕ್ರ, ಡ್ರಮ್ಮು, ಹ್ಯಾಂಡ್‌ಬ್ರೇಕಿನ ಕೇಬಲ್ ಎಲ್ಲ ಜೊತೆಗೇ ಬರುತ್ತವೆ. ಇಳಿಜಾರಿನ ತೋಟದಲ್ಲಿ ಟ್ರೇಲರ್ ಬಿಚ್ಚಿ ನಿಲ್ಲಿಸಲು ಆ ಹ್ಯಾಂಡ್‌ಬ್ರೇಕ್ ಚಿನ್ನ. ಭಾರ ಕಡಿಮೆ ಮಾಡುತ್ತೇನೆಂದು ಒಳಗಿನ ಹಾಫ್ ಶಾಫ್ಟ್ (ಚಕ್ರ ತಿರುಗಿಸುವ ದಂಡ) ಎಳೆದು ಹಾಕಬೇಡಿ, ಚಕ್ರದ ಆಧಾರವೇ ಸಡಿಲವಾಗಬಹುದು. ಆಕ್ಸಿಲಿನ ನಡುವಿನ ಗೇರಿನ ಗುಂಡಾದ ಡಿಫರೆನ್ಶಿಯಲ್‌ನಲ್ಲಿ ಎಣ್ಣೆ ಇರಲಿ, ಮೂತಿಯ ಸೀಲ್ ಹೊಸದಿರಲಿ. ಖಾಲಿ ಟ್ರೇಲರ್ ಕುಪ್ಪಳಿಸಿದರೆ ಸ್ಪ್ರಿಂಗಿನ ಕೆಳಗಿನ ಗಿಡ್ಡ ಎಲೆಗಳಲ್ಲಿ ಒಂದನ್ನು ತೆಗೆಯಬಹುದು. ಕಿವಿಯಿರುವ ಮೇಲಿನ ಎಲೆಯನ್ನೂ ಅದರ ಮುಂದಿನದನ್ನೂ ಮುಟ್ಟಬಾರದು.

ಪ್ರಶ್ನೆ: ಇಂಥದೇ ಒಂದು ಟ್ರೇಲರ್ ಮಾಡಿಸಿದ್ದೇವೆ. ಡಿಕ್ಕಿಯಲ್ಲಿ ನಾಲ್ಕು ಗೋಣಿ ಗೊಬ್ಬರ ಹಾಕಿದರೆ ಮೂಕಿ ಮೇಲೇಳುತ್ತದೆ, ಇಳಿಜಾರಲ್ಲಿ ಟ್ರೇಲರ್ ಹಾವಿನಂತೆ ಹೊರಳುತ್ತದೆ. ಸ್ಪ್ರಿಂಗ್ ಬದಲಿಸಬೇಕೆ? (ಪೆರ್ಲ)

ಉತ್ತರ: ಸ್ಪ್ರಿಂಗಿನದು ಏನೂ ತಪ್ಪಿಲ್ಲ. ಎತ್ತಿನ ಗಾಡಿ ಹೂಡಿದವರಿಗೆ ಇದು ಗೊತ್ತು: ಹಿಂಭಾರವಾದ ಗಾಡಿಯ ನೊಗ ಎತ್ತಿನ ಕೊರಳನ್ನೇ ಮೇಲಕ್ಕೆತ್ತುತ್ತದೆ. ಕಾರಿನಲ್ಲಿ ಹಿಂದಿನ ಆಕ್ಸಿಲ್ ಇರುವ ಜಾಗ ಮುಂದೆ ಎಂಜಿನ್ ಇದ್ದಾಗ ಸರಿ. ಮುಂಭಾಗ ಕತ್ತರಿಸಿದ ಮೇಲೆ ಆಕ್ಸಿಲ್‌ನ ಹಿಂದೆ ಡಿಕ್ಕಿಯೇ ಒಂದು ಮೀಟರಿನಷ್ಟು ಚಾಚಿಕೊಂಡಿರುತ್ತದೆ. ಬೇರೆ ಟ್ರೇಲರ್ ಆದರೆ ಆಕ್ಸಿಲನ್ನು ಹಿಂದಕ್ಕೆ ಸರಿಸಬಹುದಿತ್ತು. ಇಲ್ಲಿ ಚಕ್ರದ ಕಮಾನು ಬಾಡಿಯಲ್ಲೇ ಕೊರೆದು ನಿಂತಿದೆ. ಆದ್ದರಿಂದ ಭಾರವೇ ಮುಂದಕ್ಕೆ ಬರಬೇಕು.

ಎಷ್ಟು ಮುಂದೆ? ಮೂಕಿಯ ತುದಿಯ ಮೇಲೆ ಒಟ್ಟು ತೂಕದ ನೂರಕ್ಕೆ 7ರಿಂದ 10 ಭಾಗ ಕೂರಬೇಕು, ಅಂದರೆ 750 ಕಿಲೋಗೆ ಸುಮಾರು 52ರಿಂದ 75. ನಡುವಿನ 60 ಕಿಲೋ ಇಟ್ಟುಕೊಳ್ಳಿ. ಮೂಕಿಯ ತುದಿಯ ಕೊಂಡಿಯಾದ ಕಪ್ಲರ್‌ನಿಂದ ಆಕ್ಸಿಲ್‌ಗೆ 2.6 ಮೀಟರ್ ಇದ್ದರೆ, 60ನ್ನು 2.6ರಿಂದ ಗುಣಿಸಿ 750ರಿಂದ ಭಾಗಿಸಿ: 0.208 ಮೀಟರ್. ಅಂದರೆ ಹೊರೆಯೂ ಸೇರಿದ ಒಟ್ಟು ಭಾರದ ಕೇಂದ್ರ ಆಕ್ಸಿಲ್‌ಗಿಂತ ಸುಮಾರು 20 ಸೆಂಟಿಮೀಟರ್ ಮುಂದಿರಬೇಕು.

ಗೋಣಿಗಳನ್ನು ಹಿಂದಿನ ಸೀಟು ಇದ್ದ ಜಾಗದಲ್ಲೂ ಅದರ ಮುಂದಿನ ನೆಲದಲ್ಲೂ ಜೋಡಿಸಿ. ಡಿಕ್ಕಿ ಹಗ್ಗ, ಟಾರ್ಪಾಲು, ಖಾಲಿ ಗೋಣಿಗೆ ಮಾತ್ರ. ಸ್ಟೆಪ್ನಿಯನ್ನು ಡಿಕ್ಕಿಯಡಿಯಿಂದ ತೆಗೆದು ಮೂಕಿಯ ಮೇಲೆ ಕೂರಿಸಿ. ಪರೀಕ್ಷೆಗೆ ಮನೆಯಲ್ಲಿ ತೂಕ ನೋಡುವ ಸ್ಕೇಲ್ ಸಾಕು: ಟೋ ಬಾಲಿನ (ಕಪ್ಲರ್ ಕೂರುವ, ಜೀಪಿನ ಹಿಂದಿನ ಗುಂಡಿನ) ಎತ್ತರ ಬರುವಂತೆ ಕಲ್ಲು ಜೋಡಿಸಿ, ಮೇಲೆ ಸ್ಕೇಲ್ ಇಟ್ಟು, ಸಮನೆಲದಲ್ಲಿ ಹೊರೆ ತುಂಬಿದ ಟ್ರೇಲರ್‌ನ ಕಪ್ಲರನ್ನು ಅದರ ಮೇಲಿಡಿ. 75 ಕಿಲೋ ಮೀರಿದರೂ ಒಳ್ಳೆಯದಲ್ಲ, ಜೀಪಿನ ಹಿಂಭಾಗ ಕುಸಿದು ಮುಂದಿನ ಚಕ್ರದ ಹಿಡಿತ ಹಗುರಾಗುತ್ತದೆ.

ಹೊರಳಾಟ ಶುರುವಾದರೆ ಆಕ್ಸಲರೇಟರ್ ಬಿಡಿ, ಸ್ಟೀರಿಂಗ್ ನೇರ ಹಿಡಿಯಿರಿ. ವೇಗ ಹೆಚ್ಚಿಸಿ ಎಳೆದು ಸರಿಮಾಡುತ್ತೇನೆ ಎಂದು ಹೊರಟವರೇ ಕಣಿಗೆ ಬೀಳುವುದು. ಇನ್ನೊಂದು ಮಾತು. ಟ್ರೇಲರ್‌ಗೆ ಓಡುವಾಗಿನ ಬ್ರೇಕ್ ಇಲ್ಲದಿದ್ದರೆ ಹೊರೆ ಸೇರಿ ಅದರ ತೂಕ ಎಳೆಯುವ ಗಾಡಿಯ ಖಾಲಿ ತೂಕದ ಅರ್ಧ ಮೀರದಿರಲಿ. ಗುಡ್ಡೆ ಇಳಿಯುವಾಗ ಮೊದಲೇ ಸಣ್ಣ ಗೇರಿಗೆ ಬನ್ನಿ. ಎರಡು ಸೇಫ್ಟಿ ಚೈನುಗಳನ್ನು ಮೂಕಿಯ ಕೆಳಗೆ ಕತ್ತರಿಯಂತೆ ದಾಟಿಸಿ ಕಟ್ಟಿದರೆ, ಕಪ್ಲರ್ ಕಳಚಿದರೂ ಮೂಕಿ ನೆಲಕ್ಕೆ ಕುಟ್ಟದೆ ಚೈನಿನ ತೊಟ್ಟಿಲಲ್ಲಿ ನಿಲ್ಲುತ್ತದೆ.

ಪ್ರಶ್ನೆ: ಕಡಲ ಬದಿಯ ಮನೆ. ಪದ್ಮಿನಿ ಕಾರಿನ ಬಾಡಿ ಹೊರಗಿನಿಂದ ಚೆನ್ನಾಗಿದೆ, ಬಾಗಿಲ ಕೆಳಗೆ ಮಾತ್ರ ತುಕ್ಕು. ಪುಟ್ಟಿ ಹಾಕಿ ಬಣ್ಣ ಹೊಡೆದರೆ ಸಾಲದೆ? (ಮಂಜೇಶ್ವರ)

ಉತ್ತರ: ಸಾಲದು. ಸ್ಕ್ರೂಡ್ರೈವರಿನ ತುದಿಯಿಂದ ಸಿಲ್ ಉದ್ದಕ್ಕೂ ಒತ್ತುತ್ತಾ ಹೋಗಿ. ಒಳಗೆ ಇಳಿಯುವ ಕಡೆಯಿಂದ ಎರಡಿಂಚು ಆಚೆ, ಹೊಳೆಯುವ ಲೋಹ ಸಿಗುವ ತನಕ ಕತ್ತರಿಸಿ ತೆಗೆಯಬೇಕು. 18 ಅಥವಾ 20 ಗೇಜಿನ ತಗಡಿನ ತೇಪೆ ಹಾಕಿ. ಮಿಗ್ ವೆಲ್ಡಿಂಗ್ (ತೆಳು ತಂತಿ ಹರಿಸಿ ಬೆಸೆಯುವುದು) ಇದ್ದರೆ ಒಳ್ಳೆಯದು, ಸಾಮಾನ್ಯ ಆರ್ಕ್ ರಾಡು ಈ ತಗಡನ್ನು ತೂತು ಮಾಡಿಬಿಡುತ್ತದೆ. ಒಂದೇ ಸಲ ಉದ್ದಕ್ಕೆ ಎಳೆಯಬೇಡಿ, ಒಂದು ಕಡೆ ಚುಕ್ಕೆ ಹಾಕಿ, ಆರಿದ ಮೇಲೆ ದೂರದಲ್ಲಿ ಇನ್ನೊಂದು.

ಸಿಲ್ಲಿನ ತಳದಲ್ಲಿ ನೀರು ಇಳಿಯುವ ತೂತುಗಳಿರುತ್ತವೆ. ಕೆಸರು ತುಂಬಿ ಅವು ಮುಚ್ಚಿದ್ದೇ ತುಕ್ಕಿನ ಮೂಲ. ತೇಪೆಯಲ್ಲೂ 8 ಮಿಲಿಮೀಟರಿನ ತೂತು ಬಿಡಿ. ಹೊರಗೆ ಜಿಂಕ್ ಪ್ರೈಮರ್, ಒಳಗಿನ ಪೊಳ್ಳಿಗೆ ಮೇಣ ಅಥವಾ ದಪ್ಪ ಎಣ್ಣೆ ಸಿಂಪಡಿಸಿ. ಇಷ್ಟಾದ ಮೇಲೆ ಪುಟ್ಟಿ, ಅದೂ ತೆಳುವಾಗಿ. ಬಣ್ಣದ ಕೆಲಸ ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಮುಗಿಸಿ. ವರ್ಷಕ್ಕೆ 3500 ಮಿಲಿಮೀಟರಿನಷ್ಟು ಮಳೆ ಬೀಳುವ ಊರಲ್ಲಿ ಜೂನ್ ನಂತರ ಹೊಡೆದ ಬಣ್ಣ ತೇವ ಕುಡಿದು ಹಾಲಿನಂತೆ ಬಿಳಚಿಕೊಳ್ಳುತ್ತದೆ.

ಪ್ರಶ್ನೆ: ಮಾಡಿದ ಟ್ರೇಲರ್ ಹಿಡಿದುಕೊಂಡು ಹೆದ್ದಾರಿಯಲ್ಲಿ ಮಂಗಳೂರಿಗೆ ಹೋಗಬಹುದೆ? (ಉಪ್ಪಳ)

ಉತ್ತರ: ಹಾಗೇ ಹೋಗುವಂತಿಲ್ಲ. 1988ರ ಮೋಟಾರು ವಾಹನ ಕಾಯಿದೆಯ ವ್ಯಾಖ್ಯೆಯಲ್ಲಿ ಟ್ರೇಲರೂ ಮೋಟಾರು ವಾಹನವೇ. ಸಾರ್ವಜನಿಕ ರಸ್ತೆಗೆ ಇಳಿಯಬೇಕಾದರೆ 39ನೇ ಸೆಕ್ಷನ್ ಪ್ರಕಾರ ಅದಕ್ಕೂ ನೋಂದಣಿ ಬೇಕು. ಕಾರ್ಖಾನೆಯ ಟ್ರೇಲರ್‌ಗಳು ಮಾದರಿ ಪರೀಕ್ಷೆ ಮುಗಿಸಿ ಬರುತ್ತವೆ, ವರ್ಕ್‌ಶಾಪಿನಲ್ಲಿ ಬೆಸೆದದ್ದಕ್ಕೆ ಆ ಕಾಗದ ಇರುವುದಿಲ್ಲ. ಕಾರನ್ನು ಕತ್ತರಿಸಿದಾಗ ಅದರ ಆರ್‌ಸಿಯೂ ಮುಗಿಯಬೇಕು: ವಾಹನ ಇನ್ನು ಉಪಯೋಗಕ್ಕಿಲ್ಲ ಎಂದು 55ನೇ ಸೆಕ್ಷನ್ ಪ್ರಕಾರ 14 ದಿನದೊಳಗೆ ಅದನ್ನು ಇಟ್ಟಿರುವ ಊರಿನ ಆರ್‌ಟಿಒ ಕಚೇರಿಗೆ ಆರ್‌ಸಿ ಸಮೇತ ತಿಳಿಸಬೇಕು. ಗ್ರೈಂಡರ್ ಹಿಡಿಯುವ ಮೊದಲೇ ಅಲ್ಲಿ ಲಿಖಿತವಾಗಿ ವಿಚಾರಿಸಿ. ಬೇಲಿಯೊಳಗಿನ ಸ್ವಂತ ತೋಟದ ಕೆಲಸಕ್ಕೆ ಈ ತಲೆಬಿಸಿ ಇಲ್ಲ, ಆದರೆ ತೋಟದ ನಡುವೆ ಪಂಚಾಯತ್ ರಸ್ತೆ ದಾಟುವುದಿದ್ದರೆ ಅದೂ ಸಾರ್ವಜನಿಕ ರಸ್ತೆಯೇ.

ಪ್ರಶ್ನೆ: ಬ್ರೇಕ್ ಒತ್ತಿದರೆ ಟ್ರೇಲರ್‌ನ ಇಂಡಿಕೇಟರ್ ಮಂಕಾಗಿ ಹತ್ತುತ್ತದೆ. ಬಲ್ಬು ಬದಲಿಸಿ ಸಾಕಾಯಿತು. (ಮುಳ್ಳೇರಿಯ)

ಉತ್ತರ: ಬಲ್ಬಲ್ಲ, ಅರ್ಥ್ (ಕರೆಂಟು ಬ್ಯಾಟರಿಗೆ ಮರಳುವ ದಾರಿ). ನಿಮ್ಮ ಟ್ರೇಲರ್‌ನ ಅರ್ಥ್ ಟೋ ಬಾಲಿನ ಮೂಲಕ ಹೋಗುತ್ತಿರಬೇಕು. ಗ್ರೀಸು, ತುಕ್ಕಿನಿಂದ ಅಲ್ಲಿ ಸಂಪರ್ಕ ತಪ್ಪಿದಾಗ ಕರೆಂಟು ಬೇರೆ ಬಲ್ಬಿನೊಳಗಿಂದ ದಾರಿ ಹುಡುಕುತ್ತದೆ. ಏಳು ಪಿನ್ನಿನ ಪ್ಲಗ್ಗಿನಲ್ಲಿ ಪ್ರತ್ಯೇಕ 2.5 ಸ್ಕ್ವೇರ್ ಎಂಎಂ ಅರ್ಥ್ ವೈರು ಎಳೆದು, ಪ್ರತಿ ಲೈಟಿನ ತನಕ ತಲುಪಿಸಿ. ಬಾಡಿ ರಬ್ಬರ್ ಪ್ಯಾಡಿನ ಮೇಲೆ ಕೂತಿದ್ದರಂತೂ ಇದು ತಪ್ಪಿದ್ದಲ್ಲ.

ಪ್ರಶ್ನೆ: ಉಳಿದ ಮುಂದಿನ ಅರ್ಧವನ್ನೂ ಇನ್ನೊಂದು ಟ್ರೇಲರ್ ಮಾಡಬಹುದೆ? (ಕುಂಬಳೆ)

ಉತ್ತರ: ಬೇಡ. ಅಂಬಾಸಿಡರ್‌ನ ಮುಂದಿನ ಸಸ್ಪೆನ್ಶನ್ ಟಾರ್ಶನ್ ಬಾರಿನದು (ತಿರುಚಿಕೊಂಡು ಸ್ಪ್ರಿಂಗಿನಂತೆ ಕೆಲಸ ಮಾಡುವ ಉಕ್ಕಿನ ಸರಳು), ಆ ಬಾರುಗಳ ಹಿಂದಿನ ತುದಿ ಬಾಡಿಯ ನೆಲದಡಿ ಸಿಕ್ಕಿಸಿರುತ್ತದೆ, ಜೊತೆಗೆ ತಿರುಗುವ ಚಕ್ರಗಳನ್ನು ನೇರಕ್ಕೆ ಬಂಧಿಸಬೇಕು. ಅಷ್ಟು ಶ್ರಮಕ್ಕೆ ಹೊಸ ಆಕ್ಸಿಲ್ಲೇ ಬಂದೀತು. ಹೆಡ್‌ಲೈಟು, ಗ್ರಿಲ್ಲು ಸರಿಯಿದ್ದರೆ ಯಾವುದಾದರೂ ಚಾದಂಗಡಿಯ ಕೌಂಟರಿಗೆ ಕೊಡಿ.