ಮದುಮಗನ ಮೈಕ್‌ನಲ್ಲಿ ಸಿಕ್ಕ ಮಾತು

ಪ್ರಶ್ನೆ: ನಾನು ತುಮಕೂರು ಕಡೆಯವನು, ವಯಸ್ಸು 33. ಒಂಬತ್ತು ವರ್ಷದಿಂದ ಮದುವೆ ಫಿಲ್ಮ್ ಮಾಡುತ್ತಿದ್ದೇನೆ. ಈ ವೈಶಾಖದಲ್ಲಿ ಮಾಡಿದ ಒಂದು ಮದುವೆ ನಿದ್ದೆ ಕೆಡಿಸಿದೆ. ನನ್ನನ್ನು ಬುಕ್ ಮಾಡಿದ್ದು ಮದುಮಗಳೇ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ, ಅಡ್ವಾನ್ಸ್ ಕೂಡ ಅವರ ಅಕೌಂಟ್‌ನಿಂದಲೇ ಬಂತು. ಹಿಂದಿನ ದಿನ ಸಂಜೆ ರಿಸೆಪ್ಶನ್. ಮದುಮಗನ ಶೇರ್ವಾನಿಗೆ ವೈರ್‌ಲೆಸ್ ಮೈಕ್ ಸಿಕ್ಕಿಸಿದ್ದೆವು. ಊಟದ ಗಡಿಬಿಡಿಯಲ್ಲಿ ನನ್ನ ಅಸಿಸ್ಟೆಂಟ್ ಹುಡುಗ ಅದನ್ನು ಬಿಚ್ಚಿಕೊಳ್ಳುವುದನ್ನೇ ಮರೆತ. ಆಡಿಯೊ ಸಿಂಕ್ ಮಾಡುವಾಗ ಅವನೇ ಮೊದಲು ಕೇಳಿ, ನಗುತ್ತಾ ನನಗೆ ಹೆಡ್‌ಫೋನ್ ಕೊಟ್ಟ. ಮೈಕ್ ರಾತ್ರಿ ರೂಮಿನಲ್ಲೂ ರೆಕಾರ್ಡ್ ಮಾಡುತ್ತಲೇ ಇತ್ತು.

ಹುಡುಗನ ತಂದೆ ಹುಡುಗಿಯ ತಂದೆಗೆ, "ಕಾರಿನ ದುಡ್ಡು ಕೈಗೆ ಬರದೆ ನಾಳೆ ನಮ್ಮ ಹುಡುಗ ಹಸೆಮಣೆ ಮೇಲೆ ಕೂರಲ್ಲ" ಅನ್ನುತ್ತಾರೆ. ಅವರು, "ದಮ್ಮಯ್ಯ ಬೀಗರೇ, ಬೆಳಿಗ್ಗೆಯೊಳಗೆ ಹೊಂದಿಸ್ತೀನಿ, ಮಗಳ ಕಿವಿಗೆ ಬೀಳೋದು ಬೇಡ" ಎಂದು ಗೋಗರೆಯುತ್ತಾರೆ. ಹುಡುಗ ಒಂದೇ ಸಲ ಬಾಯಿ ಬಿಡುತ್ತಾನೆ. "ಅಪ್ಪಾ, ಮೆತ್ತಗೆ ಮಾತಾಡಿ."

ಹುಡುಗಿಗೆ ಇದು ಗೊತ್ತಿದ್ದಂತಿಲ್ಲ. "ಅಣ್ಣಾ, ನಮ್ಮ ಫಿಲ್ಮ್ ಎಲ್ಲಿಗೆ ಬಂತು?" ಎಂದು ಮೆಸೇಜ್ ಮಾಡುತ್ತಲೇ ಇದ್ದಾರೆ. ನನಗೆ ಟೈಮ್‌ಲೈನ್ ತೆರೆದರೆ ಕೈಯೇ ಓಡುವುದಿಲ್ಲ. ಬೀಗರಿಬ್ಬರೂ ಸ್ಟೇಜ್ ಮೇಲೆ ಅಪ್ಪಿಕೊಂಡ ಒಳ್ಳೆಯ ಶಾಟ್ ಇದೆ, ಅದನ್ನು ಹಾಕಲಾ? ಆಡಿಯೊ ಅಳಿಸಲಾ? ಹೆಂಡತಿ "ಊರ ಉಸಾಬರಿ ನಮಗ್ಯಾಕೆ" ಅನ್ನುತ್ತಾಳೆ. ಹುಡುಗಿಯ ಸೋದರಮಾವನ ಮನೆ ಮದುವೆಯೂ ನನಗೇ ಬರುವುದರಲ್ಲಿದೆ. ಬಾಯಿ ಬಿಟ್ಟರೆ ಸಂಸಾರ ಒಡೆದವನು ಅನ್ನಿಸಿಕೊಳ್ಳುತ್ತೇನೆ. ಏನು ಮಾಡಲಿ?

— ಹೆಸರು ಬೇಡ

ಉತ್ತರ: ಮೊದಲು ಆ ಆಡಿಯೊ ಅಳಿಸಬೇಡಿ. ಉಳಿದದ್ದನ್ನು ನಿಧಾನಕ್ಕೆ ಮಾತಾಡೋಣ.

ನಿಮ್ಮ ಮನೆಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಮದುವೆ ಮನೆಯಲ್ಲಿ ಕ್ಯಾಮೆರಾ ಹಿಡಿದವರ ಕಣ್ಣಿಗೆ ಬೀಳದ್ದು ಏನಿದೆ? ಯಾರು ಯಾರ ಹತ್ತಿರ ಮಾತು ಬಿಟ್ಟಿದ್ದಾರೆ, ಯಾವ ಅತ್ತಿಗೆ ಯಾಕೆ ಗ್ರೂಪ್ ಫೋಟೊಗೆ ಬರಲಿಲ್ಲ, ಒಡವೆ ಯಾವುದು ಸ್ವಂತದ್ದು, ಯಾವುದು ಯಾರದೋ ಮನೆಯಿಂದ ತಂದದ್ದು, ಎಲ್ಲ ಗೊತ್ತಾಗುತ್ತದೆ. ಗೊತ್ತಾದದ್ದನ್ನು ನುಂಗಿಕೊಂಡು ಬರುವುದೂ ನಿಮ್ಮ ಕಸುಬಿನ ಮರ್ಯಾದೆ. ಆ ಮೈಕ್‌ನಲ್ಲಿ ಹುಡುಗನ ಹಳೇ ಪ್ರೇಮದ ಮಾತೋ, ಅಣ್ಣ ತಮ್ಮಂದಿರ ಆಸ್ತಿ ಜಗಳವೋ ಸಿಕ್ಕಿದ್ದರೆ, ಅಳಿಸಿ ಮರೆತುಬಿಡಿ ಅಂತಲೇ ಬರೆಯುತ್ತಿದ್ದೆ. ಅವರಿಗೆ ಗೊತ್ತಿಲ್ಲದೆ ರೆಕಾರ್ಡ್ ಆದದ್ದು ಅದು. ನಮ್ಮದಲ್ಲ.

ಇದು ಹಾಗಲ್ಲ. ಅವತ್ತು ಆ ರೂಮಿನಲ್ಲಿ ನಡೆದದ್ದು ಆ ಹುಡುಗಿಯ ಬಗ್ಗೆ ವ್ಯಾಪಾರ. ಅದು ಗೊತ್ತಿಲ್ಲದವಳು ಅವಳೊಬ್ಬಳೇ. ಈಗ ಯಾರೂ ಇದನ್ನು ವರದಕ್ಷಿಣೆ ಅಂತ ಕರೆಯುವುದಿಲ್ಲ ನೋಡಿ. "ಹುಡುಗನಿಗೆ ಅಂತ ಒಂದು ಕಾರು" ಅಷ್ಟೇ. ಕಾನೂನಿಗೆ ಹೆಸರು ಯಾವುದಾದರೂ ಒಂದೇ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ಬರೀ ಕೇಳಿದ್ದಕ್ಕೇ 6 ತಿಂಗಳಿಂದ 2 ವರ್ಷದವರೆಗೆ ಜೈಲಿದೆ. ಕೊಟ್ಟು ತೆಗೆದುಕೊಂಡದ್ದಕ್ಕೆ ಸಾಮಾನ್ಯವಾಗಿ ಕನಿಷ್ಠ 5 ವರ್ಷ. ಹಾಗಾಗಿ ಇದನ್ನು ಊರ ಉಸಾಬರಿ ಅಂತ ಬದಿಗಿಡುವುದು ಕಷ್ಟ.

ಹಾಗಂತ ನೀವು ಪೊಲೀಸ್ ಸ್ಟೇಷನ್‌ಗೆ ಓಡಬೇಕು ಎನ್ನುತ್ತಿಲ್ಲ. ಅವಳ ಬದುಕಿನ ತೀರ್ಮಾನವನ್ನು ನೀವು ತೆಗೆದುಕೊಳ್ಳುವಂತಿಲ್ಲ, ನಾನೂ ತೆಗೆದುಕೊಳ್ಳುವಂತಿಲ್ಲ. ನಿಮ್ಮ ಕೆಲಸ ಇಷ್ಟೇ. ಹೀಗೊಂದು ಆಡಿಯೊ ಇದೆ ಎಂದು ಅವಳಿಗೆ ತಿಳಿಸುವುದು. ಕೇಳುವುದು ಬಿಡುವುದು ಅವಳಿಗೆ ಬಿಟ್ಟದ್ದು.

ಅವಳಿಗೇ ಯಾಕೆ? ಬುಕ್ ಮಾಡಿದ್ದು ಅವಳು, ಅಡ್ವಾನ್ಸ್ ಕೊಟ್ಟದ್ದು ಅವಳು. ದುಡ್ಡು ಕೊಟ್ಟು ಮಾಡಿಸಿದ ಫಿಲ್ಮಿನ ಮೊದಲ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಡಿಸಿದವರದ್ದೇ ಎನ್ನುತ್ತದೆ 1957ರ ಕಾಪಿರೈಟ್ ಕಾಯ್ದೆ. ಫಿಲ್ಮಿಗೆ ಸೇರದ ಆಡಿಯೊ ಯಾರದು ಎಂದು ವಕೀಲರು ಬೇಕಾದರೆ ವಾದ ಮಾಡಿಕೊಳ್ಳಲಿ. ಅದನ್ನು ಇಟ್ಟುಕೊಂಡು ಏನು ಮಾಡಬೇಕು ಎಂದು ಹೇಳುವ ಹಕ್ಕು ಅವಳಿಗಿಂತ ಹೆಚ್ಚು ಇನ್ಯಾರಿಗೂ ಇಲ್ಲ.

ಮೊದಲು ಅವಳ ತಂದೆಗೆ ಹೇಳೋಣ ಅಂತ ನಿಮಗೆ ಅನಿಸಬಹುದು. ಹಿರಿಯರು, ಅವರ ಮಾನದ ಪ್ರಶ್ನೆ. ಬೇಡ. ಅವರು ಏನು ಮಾಡುತ್ತಾರೆ ಅಂತ ಆ ಆಡಿಯೊದಲ್ಲೇ ಇದೆಯಲ್ಲ? ಬೀಗರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತಾರೆ, ಮಗಳ ಕಿವಿಗೆ ಬೀಳುವುದು ಬೇಡಪ್ಪ ಎಂದು ಕೈ ಹಿಡಿದುಕೊಳ್ಳುತ್ತಾರೆ. ಆಮೇಲೆ ನಿಮ್ಮ ಬಾಯಿ ಕಟ್ಟಿದಂತೆಯೇ. ಆ ರೂಮಿನ ಗುಟ್ಟಿಗೆ ನೀವು ನಾಲ್ಕನೆಯವರಾಗುತ್ತೀರಿ. ತಂದೆಯ ಜೊತೆ ಹೇಗೆ ಮಾತಾಡಬೇಕು, ಯಾವಾಗ ಮಾತಾಡಬೇಕು ಎನ್ನುವುದು ಮಗಳಿಗೆ ಗೊತ್ತಿರುತ್ತದೆ.

ಯಾವಾಗ ಹೇಳುವುದು? ವಾಟ್ಸಾಪ್‌ನಲ್ಲಂತೂ ಖಂಡಿತ ಬೇಡ. ಫೋನು ಯಾರ ಕೈಯಲ್ಲಿರುತ್ತದೋ. ಈಗ ಆಷಾಢ ಬರುತ್ತಿದೆ. ನಿಮಗೂ ಮುಹೂರ್ತಗಳಿಲ್ಲ, ಹೊಸ ಮದುಮಗಳು ಕೆಲವು ದಿನವಾದರೂ ತವರಿಗೆ ಬರುವ ತಿಂಗಳು ಅದು. ಬೆಂಗಳೂರಿನಲ್ಲಿ ಕೆಲಸ ಮಾಡುವವರು ಈಗ ಪೂರ್ತಿ ತಿಂಗಳು ಕೂರುವುದಿಲ್ಲ, ಒಂದು ಶನಿವಾರ ಭಾನುವಾರಕ್ಕೆ ಬಂದರೂ ಸಾಕು. "ಫಿಲ್ಮ್ ವಿಷಯ ಬಿಟ್ಟು ಇನ್ನೊಂದು ಮಾತಿದೆ, ತವರಿಗೆ ಬಂದಾಗ ಒಬ್ಬರೇ ಇರುವ ಹೊತ್ತಲ್ಲಿ ಫೋನ್ ಮಾಡಿ" ಎಂದು ಒಂದು ಕರೆ ಮಾಡಿ ತಿಳಿಸಿ. ಹಾಡು ಆರಿಸೋಣ ಬನ್ನಿ ಅಂತ ನೆಪ ಹೇಳಿ ಸ್ಟುಡಿಯೋಗೆ ಕರೆಸಿ ತಲೆ ಮೇಲೆ ಬಂಡೆ ಹಾಕಬೇಡಿ.

ಮಾತು ಚಿಕ್ಕದಿರಲಿ. "ರಿಸೆಪ್ಶನ್ ದಿನ ಮೈಕ್ ಬಿಚ್ಚುವುದು ನಮ್ಮಿಂದ ತಪ್ಪಿಹೋಯಿತು. ರಾತ್ರಿ ರೂಮಿನಲ್ಲಿ ನಿಮ್ಮ ತಂದೆ ಮತ್ತು ಮಾವ ದುಡ್ಡಿನ ವಿಷಯ ಮಾತಾಡಿದ್ದು ರೆಕಾರ್ಡ್ ಆಗಿದೆ. ನಾನು ಕೇಳಿದ್ದೇನೆ, ನನ್ನ ಹುಡುಗ ಕೇಳಿದ್ದಾನೆ, ಮನೆಯಲ್ಲಿ ಹೆಂಡತಿಗೆ ಹೇಳಿದ್ದೇನೆ. ಕೇಳಬೇಕು ಅನಿಸಿದರೆ ಕೊಡುತ್ತೇನೆ. ಬೇಡ ಅಂದರೆ ಬೇಡ." ಇಷ್ಟು ಸಾಕು. ಯಾರು ಕೆಟ್ಟವರು, ಯಾರು ಪಾಪ ಎಂದು ವ್ಯಾಖ್ಯಾನ ಶುರು ಮಾಡಬೇಡಿ. ಅದರಲ್ಲೂ ಹುಡುಗನ ಬಗ್ಗೆ.

"ಅಪ್ಪಾ, ಮೆತ್ತಗೆ ಮಾತಾಡಿ" ಅಂದನಲ್ಲ ಅವನು? ನಿಮ್ಮ ಪತ್ರದಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಆ ಸಾಲನ್ನು. ನಾಚಿಕೆಯಾಗಿ ಅಪ್ಪನನ್ನು ತಡೆದನೋ, ಪಕ್ಕದ ರೂಮಿಗೆ ಕೇಳಿಸೀತು ಎಂದು ಹೆದರಿದನೋ? ಎಷ್ಟು ಸಲ ಕೇಳಿದರೂ ನಿಮಗೆ ಗೊತ್ತಾಗುವುದಿಲ್ಲ. ಅವನ ಜೊತೆ ದಿನಾ ಮಾತಾಡುವ ಅವಳಿಗೆ ದನಿ ಕೇಳಿದ ಕೂಡಲೇ ಗೊತ್ತಾಗಬಹುದು. ಸಂಸಾರ ಒಡೆದವನು ಎನ್ನುವ ನಿಮ್ಮ ಹೆದರಿಕೆಗೂ ಉತ್ತರ ಅಲ್ಲೇ ಇದೆ. ಒಡೆಯಬೇಕಾದ್ದೇನಾದರೂ ಇದ್ದರೆ ಅವತ್ತು ರಾತ್ರಿಯೇ ಬಿರುಕು ಬಿಟ್ಟಿದೆ. ಅವನು ತಡೆದವನೇ ಆಗಿದ್ದರೆ, ಅವಳು ಕೇಳಿದಾಗ ಹೇಳಿಕೊಳ್ಳುವುದಕ್ಕೆ ಅವನಿಗೂ ಒಂದು ದಾರಿ ಸಿಗುತ್ತದೆ. ಇನ್ನೊಂದೂ ಆಗಬಹುದು. "ಗೊತ್ತು ಅಣ್ಣಾ, ಅಪ್ಪ ಆಮೇಲೆ ಹೇಳಿದ್ರು, ಆ ದುಡ್ಡು ವಾಪಸ್ ಬಂತು" ಎಂದರೆ ಏನು ಮಾಡುತ್ತೀರಿ? ಒಳ್ಳೆಯದಾಯಿತು ಎಂದು ಫೋನ್ ಇಡಿ.

ಅವಳಿಗೆ ತೊಂದರೆ ಆಗುತ್ತಿದೆ, ಗಂಡನ ಮನೆಯವರು ಇನ್ನೂ ದುಡ್ಡು ಕೇಳುತ್ತಿದ್ದಾರೆ ಎಂದು ಮಾತಿನಲ್ಲಿ ಗೊತ್ತಾದರೆ ಮಾತ್ರ ಒಂದು ಹೆಜ್ಜೆ ಮುಂದೆ ಹೋಗಿ. ಮಹಿಳಾ ಸಹಾಯವಾಣಿ 181. ಉಚಿತ ವಕೀಲರ ನೆರವಿಗೆ ಕಾನೂನು ಸೇವಾ ಪ್ರಾಧಿಕಾರದ 15100. ಹೆಂಗಸರಿಗೆ ಈ ನೆರವು ಸಿಗುವುದಕ್ಕೆ ಆದಾಯದ ಲೆಕ್ಕ ಇಲ್ಲ, ಸಂಬಳ ಬರುವವರೂ ಕೇಳಬಹುದು. ಕೊಟ್ಟವರೂ ಅಪರಾಧಿಗಳಲ್ವಾ, ಅಪ್ಪನ ಮೇಲೆ ಕೇಸ್ ಆಗುತ್ತದಾ ಎಂದು ಅವಳು ಹೆದರಬಹುದು. ನೊಂದವರು ಕೊಟ್ಟ ಹೇಳಿಕೆಯನ್ನೇ ಹಿಡಿದು ಅವರ ಮೇಲೆ ಈ ಕಾಯ್ದೆಯಲ್ಲಿ ಕೇಸ್ ಹಾಕುವಂತಿಲ್ಲ ಎಂದು ಅದೇ ಕಾನೂನಿನಲ್ಲಿದೆ. ತಂದೆಯ ವಿಷಯಕ್ಕೆ ಅದು ಹೇಗೆ ಅನ್ವಯಿಸುತ್ತದೆ ಎಂದು ವಕೀಲರನ್ನೇ ಕೇಳಲಿ. ನೀವು ವಕೀಲರಾಗಬೇಡಿ.

ಫೈಲ್ ವಿಷಯ. ಮೈಕ್‌ನಿಂದ ಬಂದ ವೇವ್ ಫೈಲ್ ಹೇಗಿದೆಯೋ ಹಾಗೇ ಇರಲಿ. ಫ್ಯಾನ್ ಸದ್ದು ತೆಗೆಯುವುದು, ಬೇಕಾದಷ್ಟು ಕತ್ತರಿಸುವುದು, ಎಂಪಿ3 ಮಾಡುವುದು, ಯಾವುದೂ ಬೇಡ. ಈಗಿನ ಕೆಲವು ಮೈಕ್‌ಗಳು ತಮ್ಮೊಳಗೇ ಗಂಟೆಗಟ್ಟಲೆ ರೆಕಾರ್ಡ್ ಮಾಡಿಕೊಳ್ಳುತ್ತವೆ. ನಿಮ್ಮದೂ ಅಂಥದ್ದಾಗಿದ್ದು, ಇನ್ನೂ ಫಾರ್ಮ್ಯಾಟ್ ಮಾಡಿಲ್ಲದಿದ್ದರೆ ಆ ಮೈಕ್ ಎತ್ತಿಡಿ. ಎರಡು ಡಿಸ್ಕ್‌ನಲ್ಲಿ ಕಾಪಿ ಇರಲಿ, ಕ್ಲೌಡ್‌ಗೆ ಹಾಕಬೇಡಿ. ಒಂದು ಮಾತು ಮುಂಚೆಯೇ ತಿಳಿದಿರಲಿ. ಎಂದಾದರೂ ಇದು ಕೋರ್ಟಿಗೆ ಹೋದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ, ಆ ಫೈಲ್ ಯಾವ ಉಪಕರಣದಿಂದ ಹೇಗೆ ಬಂತು ಎಂದು ತಿಳಿಸುವ ಪ್ರಮಾಣಪತ್ರ ಬೇಕಾಗುತ್ತದೆ. ಅದಕ್ಕೆ ಸಹಿ ಹಾಕಬೇಕಾದವರು ನೀವೇ ಆಗಬಹುದು. ಅವಳು ಬೇಡ ಎಂದರೆ, ಬೇಡ ಎಂದದ್ದನ್ನು ಬರೆದು ಕಳಿಸಲಿ. ಆಮೇಲೆ ಅಳಿಸಿ.

ಇನ್ನು ಫಿಲ್ಮ್. ಕೈ ಓಡುತ್ತಿಲ್ಲ ಎಂದಿರಿ. ಸುಳ್ಳು ಹೇಳಿದಂತಾಗುತ್ತದೆ ಎಂಬ ಹಿಂಜರಿಕೆ ಅದು. ಆದರೆ ಅವತ್ತು ಅವಳು ಅಂತರಪಟದ ಹಿಂದೆ ಜೀರಿಗೆ ಬೆಲ್ಲ ಹಿಡಿದು ನಿಂತು ನಕ್ಕದ್ದು ಸುಳ್ಳಲ್ಲವಲ್ಲ. ಗೆಳತಿಯರು, ಅಜ್ಜಿ, ಗಟ್ಟಿಮೇಳ ಅಂದ ಕೂಡಲೇ ಬಿದ್ದ ಅಕ್ಷತೆ, ಯಾವುದೂ ಸುಳ್ಳಲ್ಲ. ಅದರಿಂದಲೇ ಫಿಲ್ಮ್ ಕಟ್ಟಿ. ಬೀಗರು ಅಪ್ಪಿಕೊಂಡ ಶಾಟ್ ಬಿಟ್ಟುಬಿಡಿ. ಯಾರೂ ಕೇಳುವುದಿಲ್ಲ. ಕೇಳಿದರೆ ಫೋಕಸ್ ಸರಿ ಬಂದಿರಲಿಲ್ಲ ಅನ್ನಿ, ಇಂಥ ಸುಳ್ಳು ನಿಮ್ಮ ಕಸುಬಿನಲ್ಲಿ ಹೊಸದೇನಲ್ಲ.

ಕಷ್ಟದ ಶಾಟ್ ಇನ್ನೊಂದಿರುತ್ತದೆ, ನೀವು ಬರೆದಿಲ್ಲ ಅಷ್ಟೇ. ಧಾರೆಯದ್ದು. ತಂದೆ ರಾತ್ರಿಯೆಲ್ಲ ದುಡ್ಡಿಗೆ ಓಡಾಡಿ, ಬೆಳಿಗ್ಗೆ ಪಂಚೆ ಶಲ್ಯದಲ್ಲಿ ನಿಂತು, ಮಗಳ ಕೈ ಮೇಲೆ, ಅಳಿಯನ ಕೈ ಮೇಲೆ ನೀರು ಬಿಡುತ್ತಿರುತ್ತಾರೆ. ಕೈ ನಡುಗುತ್ತಿರುತ್ತದೆ. ಧಾರೆ ಎರೆಯುವಾಗ ಕೈ ನಡುಗದ ಅಪ್ಪಂದಿರನ್ನು ನೀವು ಎಷ್ಟು ನೋಡಿದ್ದೀರಿ? ನೋಡುವವರಿಗೆ ಅದು ಮಗಳನ್ನು ಕಳಿಸಿಕೊಡುವ ನಡುಕವಾಗಿಯೇ ಕಾಣುತ್ತದೆ, ಮತ್ತು ಅದೂ ನಿಜವೇ. ಆ ಶಾಟ್ ತೆಗೆಯಬೇಡಿ. ಅದರ ಮೇಲೆ ಅಳುಬುರುಕ ಪಿಟೀಲು ಸುರಿಯಬೇಡಿ, ಸ್ಲೋ ಮೋಷನ್ ಮಾಡಬೇಡಿ. ಮಂತ್ರದ ದನಿ ಹೇಗಿತ್ತೋ ಹಾಗೇ ಬಿಡಿ.

ಫಿಲ್ಮ್ ಕೊಡುವ ದಿನ ಬೇರೆ ಇರಲಿ, ಈ ಮಾತು ಹೇಳುವ ದಿನ ಬೇರೆ ಇರಲಿ. ಮೊದಲು ಮಾತು, ಆಮೇಲೆ ಫಿಲ್ಮ್. ವಿಷಯ ಗೊತ್ತಾದ ಮೇಲೆ ಅವಳಿಗೆ ಫಿಲ್ಮೇ ಬೇಡ ಅನಿಸಬಹುದು, ಬಾಕಿ ಹಣ ಬಾರದೇ ಇರಬಹುದು. ಆಗ ಅದಕ್ಕಾಗಿ ಜಗ್ಗಾಡಬೇಡಿ. ಸೋದರಮಾವನ ಮನೆ ಮದುವೆಯೂ ಕೈ ತಪ್ಪಬಹುದು. ಅದನ್ನು ಯೋಚಿಸಿದ್ದಕ್ಕೆ ನಾಚಿಕೆಪಟ್ಟುಕೊಳ್ಳಬೇಡಿ, ನಿಮ್ಮ ಮನೆಯಲ್ಲೂ ಒಲೆ ಉರಿಯಬೇಕಲ್ಲ. ಆದರೆ ಆ ಬುಕಿಂಗ್ ಉಳಿಸಿಕೊಳ್ಳಲು ಬಾಯಿ ಮುಚ್ಚಿದರೆ, ಆ ಮದುವೆಯಲ್ಲಿ ಅವಳು ಎದುರಿಗೆ ಬಂದು "ಅಣ್ಣಾ, ಚೆನ್ನಾಗಿದ್ದೀರಾ" ಎಂದಾಗ ಕ್ಯಾಮೆರಾ ಹಿಡಿದು ನಿಂತವರು ನೀವೇ.

ಮೈಕ್ ವಿಷಯದಲ್ಲಿ ನಿಮಗೆ ನಾನು ಪಾಠ ಹೇಳಬೇಕಿಲ್ಲ. ಸ್ಟೇಜ್ ಇಳಿದ ಕೂಡಲೇ ಮೈಕ್ ಬಿಚ್ಚಬೇಕು. ಹಾಕುವಾಗ "ಇದು ಆನ್ ಇರುತ್ತದೆ ಸರ್" ಎಂದು ಹೇಳಬೇಕು.

ಈಗ ನನಗೆ ನಿಜಕ್ಕೂ ಆತಂಕ ಇರುವುದು ನಿಮ್ಮ ಅಸಿಸ್ಟೆಂಟ್ ಬಗ್ಗೆ. ನಗುತ್ತಾ ಹೆಡ್‌ಫೋನ್ ಕೊಟ್ಟ ಎಂದು ಬರೆದಿದ್ದೀರಿ. ನಿಮಗೆ ನಗುತ್ತಾ ಕೇಳಿಸಿದವನು ಇನ್ನೊಬ್ಬ ಕ್ಯಾಮೆರಾಮನ್‌ಗೆ ಕೇಳಿಸುವುದಿಲ್ಲ ಎಂದು ಏನು ಗ್ಯಾರಂಟಿ? ಕ್ಲಿಪ್ ಅವನ ಮೊಬೈಲ್‌ಗೆ ಹೋಗಿದ್ದರೆ ಇಷ್ಟು ಹೊತ್ತಿಗೆ ಎರಡು ಗ್ರೂಪ್ ದಾಟಿರಬಹುದು. ಹಾಗಾದರೆ ಅವಳಿಗೆ ವಿಷಯ ತಿಳಿಯುವುದು ನಿಮ್ಮಿಂದಲ್ಲ, ಊರಿನ ಬಾಯಿಂದ. ಬೈಯಬೇಡಿ, ಎದುರು ಕೂರಿಸಿಕೊಂಡು ಮಾತಾಡಿ. ಅವನ ಮೊಬೈಲ್, ಲ್ಯಾಪ್‌ಟಾಪ್ ಎರಡನ್ನೂ ಅವನ ಮುಂದೆಯೇ ನೋಡಿ. ಅವಳಿಗೆ ಹೇಳುವುದಕ್ಕೆ ಆಷಾಢದ ತನಕ ಕಾಯಬಹುದು. ಇವನ ಹತ್ತಿರ ಇವತ್ತೇ ಮಾತಾಡಿ. ಆಗಲೇ ಎಲ್ಲಾದರೂ ಕಳಿಸಿದ್ದರೆ ಆಷಾಢಕ್ಕೂ ಕಾಯಬೇಡಿ, ಅವಳು ಆಫೀಸಿನಲ್ಲಿರುವ ಹೊತ್ತು ನೋಡಿ ನಾಳೆಯೇ ಫೋನ್ ಮಾಡಿ.