ಪೌತಿ ಖಾತೆಗೆ ಸಬ್ ರಿಜಿಸ್ಟ್ರಾರ್ ಆಫೀಸು ಬೇಕಿಲ್ಲ

ತವರಿನ ಆಸ್ತಿಯಲ್ಲಿ ಪಾಲು ಬಿಟ್ಟುಕೊಟ್ಟೆ ಅಂತ ಬರೆದುಕೊಡೋ ಹಕ್ಕು ಬಿಡುಗಡೆ ಪತ್ರಕ್ಕೆ ಅಣ್ಣ ಸಹಿ ಕೇಳ್ತಿದ್ದಾನೆ, ಅತ್ತೆ ಮನೆಯವರು ಪಾಲು ತಗೊಂಡೇ ಬಾ ಅಂತಿದ್ದಾರೆ, ಆಸ್ತಿ ಮುಖ್ಯನಾ ತವರು ಮುಖ್ಯನಾ ಅಂತ ಕೇಳಿದ್ದೀರಿ. ಸೋಮವಾರ ಕರ್ಕೊಂಡು ಹೋಗೋಕೆ ಬರ್ತಾನೆ ಅಂತಲೂ ಬರೆದಿದ್ದೀರಿ. ಅದನ್ನ ಓದ್ತಾ ನನ್ನ ಹೆಬ್ಬೆಟ್ಟು ನೋಡಿಕೊಂಡೆ.

ನಾನಿರೋದು ದಾವಣಗೆರೆಯಲ್ಲಿ. ತವರು ಭದ್ರಾ ನಾಲೆಯ ಕೊನೆಭಾಗದ ಒಂದು ಹಳ್ಳಿ. ನೀರು ಬಂದ ವರ್ಷ ಭತ್ತ, ಬರದ ವರ್ಷ ಮೆಕ್ಕೆಜೋಳ. ಅಪ್ಪಾಜಿಗೆ ನಾವು ಮೂವರು, ಅಕ್ಕ, ನಾನು, ತಮ್ಮ. ಅಕ್ಕನ ಮದುವೆ 1991ರಲ್ಲಿ, ನಂದು 1998ರಲ್ಲಿ. ತಮ್ಮನ್ನ ಸೊಂಟದ ಮೇಲೆ ಹೊತ್ತು ಬೆಳೆಸಿದ್ದು ನಾನು. 2010ರಲ್ಲಿ ಅಪ್ಪಾಜಿ ಹೋದರು. ವರ್ಷ ತುಂಬಿದ ಮೇಲೆ ತಮ್ಮ ಒಂದಿನ ಬೈಕಲ್ಲಿ ಬಂದ. "ಅಕ್ಕಾ, ಪೌತಿ ಖಾತೆ ಮಾಡಿಸ್ಬೇಕು, ನಿಂದೊಂದು ಸಹಿ ಬೇಕು, ಅರ್ಧ ಗಂಟೆ ಕೆಲಸ" ಅಂದ.

ನಾನು ಆಗಲೇ ರೊಟ್ಟಿ ಮಾಡಿ ಖಾನಾವಳಿಗೆ ಕೊಡ್ತಿದ್ದೆ. ಅರ್ಧ ಬಡಿದ ಹಿಟ್ಟನ್ನ ಹಾಗೇ ಮುಚ್ಚಿಟ್ಟು ಬೈಕ್ ಹತ್ತಿದೆ.

ಇಲ್ಲಿ ಸ್ವಲ್ಪ ಬಿಡಿಸಿ ಹೇಳ್ತೀನಿ, ಬೇಜಾರಾದರೂ ಓದಿ. ಪೌತಿ ಖಾತೆ ಅಂದರೆ ಸತ್ತವರ ಹೆಸರು ತೆಗೆದು ವಾರಸುದಾರರ ಹೆಸರು ಪಹಣಿಗೆ ಏರಿಸೋದು. ಅದಕ್ಕೆ ಮರಣ ಪ್ರಮಾಣಪತ್ರ, ವಂಶವೃಕ್ಷ ಹಚ್ಚಿ ನಾಡಕಚೇರಿಗೆ ಅರ್ಜಿ ಕೊಡಬೇಕು. ಗ್ರಾಮ ಆಡಳಿತಾಧಿಕಾರಿ (ಆಗ ಗ್ರಾಮ ಲೆಕ್ಕಿಗರು ಅಂತಿದ್ವಿ) ವಿಚಾರಣೆ ಮಾಡ್ತಾರೆ, ತಕರಾರಿದ್ದರೆ ಹೇಳಿ ಅಂತ ನೋಟಿಸು ಹೊರಡುತ್ತೆ. ಅಷ್ಟೇ. ಸಬ್ ರಿಜಿಸ್ಟ್ರಾರ್ ಆಫೀಸಿಗೂ ಅದಕ್ಕೂ ಸಂಬಂಧವೇ ಇಲ್ಲ. ಬೈಕು ಯಾವ ಆಫೀಸಿನ ಮುಂದೆ ನಿಂತಿತು ಅನ್ನೋದೇ ಎಲ್ಲಾ ಹೇಳುತ್ತೆ. ನಮ್ಮದು ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ನಿಂತಿತು, ನನಗೆ ಎಲ್ಲಾ ಸರ್ಕಾರಿ ಆಫೀಸೂ ಒಂದೇ ಥರ ಕಂಡಿತು.

ಪತ್ರ ಬರೆಯೋರು ಕಾಗದ ಮೊದಲೇ ರೆಡಿ ಮಾಡಿಟ್ಟಿದ್ದರು. ಹಾಳೆ ಹಾಳೆಗೂ ಸಹಿ ಹಾಕಿದೆ. ನಂಗೆ ಓದೋಕೆ ಬರಲ್ಲ ಅಂದ್ಕೋಬೇಡಿ, ಎಸ್ಸೆಸ್ಸೆಲ್ಸಿ ಪಾಸು. ಖಾನಾವಳಿಯವರು ನೂರು ರೊಟ್ಟಿಗೆ ತೊಂಬತ್ತೆಂಟರ ದುಡ್ಡು ಕೊಟ್ಟರೆ ಅಲ್ಲೇ ನಿಂತು ಲೆಕ್ಕ ತೋರಿಸೋಳು ನಾನು. ಆದರೆ ತಮ್ಮ ಪಕ್ಕದಲ್ಲಿ ನಿಂತಿರುವಾಗ ಓದಿದರೆ ಅವನ್ನ ನಂಬಲ್ಲ ಅಂದಂಗಾಗುತ್ತಲ್ಲ ಅಂತ ನಾಚಿಕೆಯಾಯ್ತು. ನಾನು ಕಳ್ಕೊಂಡಿದ್ದೆಲ್ಲಾ ಆ ನಾಚಿಕೆಯಲ್ಲೇ.

ಒಳಗೆ ಫೋಟೊ ತೆಗೆದರು. ಆಮೇಲೆ ಹೆಬ್ಬೆಟ್ಟು ಗಾಜಿನ ಮೇಲೆ ಇಡಿ ಅಂದರು. ಬರಲಿಲ್ಲ. ರೊಟ್ಟಿ ತಟ್ಟಿ, ಹೆಂಚಿನ ಬಿಸಿ ತಾಗಿ ನನ್ನ ಬೆರಳಿನ ಗೆರೆ ಸವೆದು ಹೋಗಿವೆ, ಸಂದಿನಲ್ಲಿ ಹಿಟ್ಟು ಬೇರೆ. ನಾಲ್ಕು ಸಲ ಒತ್ತಿದೆ, ನಾಲ್ಕು ಸಲವೂ ಯಂತ್ರ ಬೇಡ ಅಂತು. ಆಗ ತಮ್ಮ ಜೇಬಿಂದ ಕರ್ಚೀಫ್ ತೆಗೆದು, ತಾನೇ ನನ್ನ ಹೆಬ್ಬೆರಳನ್ನ ಒರೆಸಿ, ಹಿಡಿದು ಗಾಜಿನ ಮೇಲಿಟ್ಟ. ಐದನೇ ಸಲಕ್ಕೆ ಬಂತು.

ಆಫೀಸಿನವರದ್ದು ತಪ್ಪು ಅನ್ನಲ್ಲ. "ಓದಿದ್ದೀರೇನಮ್ಮ? ಹಣ ಮುಟ್ಟಿದೆಯಾ?" ಅಂತ ಸರಿಯಾಗೇ ಕೇಳಿದರು. ಯಾವ ಹಣ ಅಂತ ಬಾಯಿ ತುದಿಗೆ ಬಂತು. ತಮ್ಮನ ಮುಖ ನೋಡಿ "ಹೂಂ ಸಾರ್" ಅಂದೆ. ಹೊರಗೆ ಬಂದು ಬೆಣ್ಣೆ ದೋಸೆ ಕೊಡಿಸಿದ, ಮನೆಗೆ ಬಿಟ್ಟು ಹೋದ. ಹಿಟ್ಟು ಒಣಗಿ ಹಕ್ಕಳೆ ಕಟ್ಟಿತ್ತು.

2016ರಲ್ಲಿ ನಮ್ಮನೆಯವರಿಗೆ ಎದೆನೋವು ಬಂದು ಸ್ಟೆಂಟ್ ಹಾಕಿಸಿದ್ವಿ. ದಲಾಲಿ ಮಂಡಿ ಗುಮಾಸ್ತರ ಸಂಬಳದಲ್ಲಿ ಆಗೋ ಖರ್ಚಲ್ಲ ಅದು. ಪಹಣಿ ಇಟ್ಟು ಸಾಲ ಕೇಳೋಣ ಅಂತ ತೆಗೆಸಿದೆ. ಅದರಲ್ಲಿ ಅವ್ವನ ಹೆಸರಿತ್ತು, ತಮ್ಮನ ಹೆಸರಿತ್ತು, ಅಕ್ಕನ ಹೆಸರೂ ಇತ್ತು. ನಂದಿರಲಿಲ್ಲ. ನೋಂದಣಿ ಪತ್ರದ ನಕಲು ತೆಗೆಸಿ ಓದಿದಾಗ ಗೊತ್ತಾಯ್ತು, ಸರ್ವೆ ನಂಬರು ಒಂದೂ ಬಿಡದೆ ನನ್ನ ಹಕ್ಕೆಲ್ಲಾ ಬಿಟ್ಟುಕೊಟ್ಟಿದ್ದೆ, ಅದಕ್ಕೆ ಅರಿಶಿಣ ಕುಂಕುಮದ ಬಾಬ್ತು ಇಪ್ಪತ್ತೈದು ಸಾವಿರ ಮುಟ್ಟಿದೆ ಅಂತ ಒಪ್ಪಿಕೊಂಡಿದ್ದೆ. ನನಗೆ ಮುಟ್ಟಿದ್ದು ದೋಸೆ.

ಅಕ್ಕನ ಹೆಸರು ಹೇಗೆ ಉಳೀತು ಅಂತೀರಾ? ಅವಳು ಸಹಿ ಹಾಕಿರಲಿಲ್ಲ. "ಕಾಗದ ಮನೆಗೆ ಕಳ್ಸು, ಓದಿ ನೋಡ್ತೀನಿ" ಅಂದಿದ್ದಳು. ನನಗೂ ಫೋನ್ ಮಾಡಿ ಓದದೆ ಹಾಕಬೇಡ ಅಂದಿದ್ದಳು. ಅಕ್ಕನಿಗೆ ದುರಾಸೆ ಅಂದ್ಕೊಂಡಿದ್ದೆ ನಾನು.

ತಮಾಷೆ ನೋಡಿ, ಕಾನೂನು ಮೊದಲು ಹಿಡಿದಿದ್ದು ನನ್ನ ಕೈಯನ್ನ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಪಾಲು ಅಂತ ಕರ್ನಾಟಕ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದಿತ್ತು, ಆದರೆ ಅಷ್ಟರೊಳಗೆ ಮದುವೆಯಾದವರಿಗೆ ಇಲ್ಲ ಅಂತ. ಹಾಗಾಗಿ ನನಗಿತ್ತು, ಅಕ್ಕನಿಗಿರಲಿಲ್ಲ. 2005ರ ಕೇಂದ್ರದ ತಿದ್ದುಪಡಿ ಬಂದ ಮೇಲೆ ಮದುವೆ ಯಾವಾಗ ಆಯ್ತು ಅನ್ನೋ ಪ್ರಶ್ನೆಯೇ ಹೋಯ್ತು, ಅವಳಿಗೂ ಬಂತು. ಕೊನೆಗೆ ತಡವಾಗಿ ಹಕ್ಕು ಸಿಕ್ಕವಳು ಉಳಿಸಿಕೊಂಡಳು.

ನಾನು ಕೋರ್ಟಿಗೆ ಹೋಗಲಿಲ್ಲ. "ನಾನಿರೋವರೆಗೂ ಬೇಡ" ಅಂದಳು ಅವ್ವ. 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು, 2005ರಲ್ಲಿ ತಂದೆ ಬದುಕಿರಲಿ ಇಲ್ಲದಿರಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಅಂದಿದ್ದನ್ನ ಟಿವಿಯಲ್ಲಿ ನೋಡಿ ವಕೀಲರ ಹತ್ತಿರ ಓಡಿದೆ. ಅವರು ಪತ್ರ ಓದಿ ಕನ್ನಡಕ ತೆಗೆದರು. ಹಕ್ಕಿತ್ತಮ್ಮ, ನೀವೇ ಬರೆದುಕೊಟ್ಟಿದ್ದೀರಿ, ಮೋಸ ಅನ್ನೋದಾದರೆ ಗೊತ್ತಾದ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕಿತ್ತು ಅಂದರು. ಆಗಲೇ ನಾಲ್ಕು ವರ್ಷ ದಾಟಿತ್ತು. ಈಗ ಆ ಹೊಲದಲ್ಲಿ ಬೋರು ಕೊರೆಸಿ ಅಡಿಕೆ ಹಾಕಿದ್ದಾನೆ.

ಇನ್ನು ನಿಮ್ಮ ಪ್ರಶ್ನೆ. ಪ್ರಶ್ನೆಯೇ ಸರಿಯಿಲ್ಲ ಅಂತೀನಿ ನಾನು. ಹೊಲ ಬೇಕಾ ತಂಗಿ ಬೇಕಾ ಅಂತ ನಿಮ್ಮಣ್ಣನ್ನ ಯಾರಾದರೂ ಕೇಳಿದ್ದಾರಾ? ಸಹಿ ಹಾಕದ ನಮ್ಮಕ್ಕನ ಜೊತೆ ತಮ್ಮ ಮೂರು ವರ್ಷ ಮಾತು ಬಿಟ್ಟಿದ್ದ, ನಿಜ. ಆಮೇಲೆ ಅಕ್ಕನ ಮಗಳ ಮದುವೆಗೆ ತಾನೇ ಸೀರೆ ಹಿಡಿದು ಅವಳ ಬಾಗಿಲಿಗೆ ಹೋದ. ಸಹಿ ಹಾಕಿದ ನನ್ನನ್ನ ಪಂಚಮಿಗೆ ಫೋನಲ್ಲೇ ಕರೀತಾನೆ. ಕೆಟ್ಟವನಲ್ಲ, ನನ್ನ ಹತ್ತಿರ ಅವನಿಗೆ ಇನ್ನೇನೂ ಕೆಲಸ ಉಳಿದಿಲ್ಲ, ಅಷ್ಟೆ.

ಮದುವೆಗೆ ಅಷ್ಟು ಖರ್ಚು ಮಾಡಿದೀವಿ, ವರದಕ್ಷಿಣೆ ಕೊಟ್ಟಿದೀವಿ ಅಂತ ಅಂದೇ ಅಂತಾರೆ. ಅದರಿಂದ ಪಾಲು ತೀರಲ್ಲ, ನಿಮ್ಮಣ್ಣನ ಮದುವೆಯ ಖರ್ಚನ್ನೂ ಅವನ ಪಾಲಲ್ಲಿ ಕಳೆದಿಲ್ಲ. ಅಪ್ಪನ ಸ್ವಯಾರ್ಜಿತ ಇದ್ದರೆ ಬೇರೆ ಲೆಕ್ಕ, ಅದನ್ನ ಉಯಿಲು ಬರೆದು ಯಾರಿಗೆ ಬೇಕಾದರೂ ಕೊಡಬಹುದು. ಉಯಿಲಿಲ್ಲದಿದ್ದರೆ ಅದರಲ್ಲೂ ಮಗಳಿಗೆ ಮಗನಷ್ಟೇ, ಅದು 1956ರ ಮೂಲ ಕಾಯ್ದೆಯಲ್ಲೇ ಇದೆ.

ಅತ್ತೆ ಮನೆಯವರ ಮಾತಿಗೂ ಕುಣಿಯಬೇಡಿ. ಅವರು ಕೇಳ್ತಿರೋದು ನಿಮಗೋಸ್ಕರ ಅಂತ ನನಗನ್ನಿಸಲ್ಲ. ಹಕ್ಕು ಬಿಡುಗಡೆ ಬೇಡ, ಯಾರ ಪಾಲು ಯಾವುದು ಅಂತ ಹಂಚಿ ಬರೆಯೋ ವಿಭಾಗ ಪತ್ರ ಮಾಡಿಸೋಣ ಅನ್ನಿ. ಪಾಲು ನಿಮ್ಮ ಹೆಸರಿಗೇ ಬರಲಿ, ಗಂಡನ ಹೆಸರಿಗಲ್ಲ, ಮಾರಿ ಮಾವನ ಸಾಲಕ್ಕೂ ಅಲ್ಲ. ಅಣ್ಣನ ಮೇಲೆ ಪ್ರೀತಿ ಉಕ್ಕಿದರೆ ಪಹಣಿಯಲ್ಲಿ ನಿಮ್ಮ ಹೆಸರು ಕೂತ ಮೇಲೆ ದಾನಪತ್ರ ಮಾಡಿಕೊಡಿ, ಯಾರು ಬೇಡ ಅಂತಾರೆ? ಎರಡೂ ಕಡೆಯವರಿಗೆ ನಿಷ್ಠುರ ಆಗ್ತೀರಿ. ಆಗಿ.

ಸೋಮವಾರ ನಿಮ್ಮಣ್ಣ ಬಂದರೆ ಊಟಕ್ಕೆ ಹಾಕಿ, ಬಿಸಿ ರೊಟ್ಟಿ ಮಾಡಿ. ಹೊರಡುವಾಗ ಕಾಗದ ಇಲ್ಲೇ ಬಿಟ್ಟು ಹೋಗಣ್ಣ ಅನ್ನಿ. ಬೈಕ್ ಹತ್ತಬೇಡಿ.