ಪ್ರತಿಕ್ರಿಯೆ: ಕಬಡ್ಡಿಯಲ್ಲಿ ತಲೆಗೆ ಪೆಟ್ಟು, ಒಮೆಗಾ-3 ಕೊಡಬಹುದೇ?

ಕಬಡ್ಡಿ ಆಡುವಾಗ ಡಿಕ್ಕಿಯಾಗಿ ನಾಲ್ಕು ದಿನವಾದರೂ ನಿಮ್ಮ ತಮ್ಮನ ತಲೆನೋವು, ಮಂಕು ಹೋಗಿಲ್ಲವೆಂದರೆ ಅದು ಬಹುತೇಕ ಕನ್‌ಕಷನ್ (ಪೆಟ್ಟಿನಿಂದ ಮೆದುಳಿಗಾಗುವ ಆಘಾತ), ಪೋಷಕಾಂಶದ ಕೊರತೆಯಲ್ಲ. ಅಂಗಡಿಯವರು ಹೇಳಿದ ಒಮೆಗಾ-3 ‘ಮೆದುಳಿನ ಮಾತ್ರೆ’ ಆಮೇಲಿರಲಿ, ಮೊದಲು ಅವನನ್ನು ಅಂಕಣದಿಂದ ಹೊರಗಿರಿಸಿ. ವಾಂತಿ, ಏರುತ್ತಿರುವ ನೋವು, ವಿಪರೀತ ತೂಕಡಿಕೆ, ತೊದಲು ಮಾತು, ಇವುಗಳಲ್ಲಿ ಒಂದಿದ್ದರೂ ಈಗಲೇ ಕಲಬುರಗಿಯ ಜಿಮ್ಸ್ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಯಾವುದೂ ಇಲ್ಲದಿದ್ದರೂ ನಾಳೆಯೇ ವೈದ್ಯರಿಗೆ ತೋರಿಸಿ. ಅವರು ಒಪ್ಪಿದ ಮೇಲೆ ನಡಿಗೆ, ಆಮೇಲೆ ಓಟ, ಕಟ್ಟಕಡೆಗೆ ರೈಡ್. ಟೂರ್ನಿ ಬಂತೆಂದು ಕೋಚ್ ಅವಸರಿಸಿದರೆ ಕಿವಿಗೊಡಬೇಡಿ.

ಅಮೆರಿಕದ ಕಾಲೇಜುಗಳ ಅಮೆರಿಕನ್ ಫುಟ್‌ಬಾಲ್ ಆಟಗಾರರಿಗೆ ದಿನಕ್ಕೆ 2, 4 ಅಥವಾ 6 ಗ್ರಾಂ ಡಿಎಚ್‌ಎ (ಮೀನೆಣ್ಣೆಯಲ್ಲಿರುವ ಒಂದು ಬಗೆಯ ಒಮೆಗಾ-3) ಕೊಟ್ಟು ನೋಡಿದ ಪ್ರಯೋಗವೊಂದು 2016ರಲ್ಲಿ ಪ್ರಕಟವಾಯಿತು. ನರತಂತುಗಳ ಹಾನಿಯನ್ನು ಸೂಚಿಸುವ ರಕ್ತದ ಪ್ರೋಟೀನ್ ಅವರಲ್ಲಿ ಕಡಿಮೆ ಏರಿತ್ತು. ಆದರೆ ಅವರು ಡಿಎಚ್‌ಎಯನ್ನು ಆಟದ ಋತುವಿನುದ್ದಕ್ಕೂ ಸೇವಿಸಿದ್ದರು. ಪೆಟ್ಟು ಬಿದ್ದ ಮೇಲೆ ನುಂಗಿದರೆ ತಲೆನೋವು ಬೇಗ ವಾಸಿಯಾಗುತ್ತದೆ ಎಂಬುದು ಇನ್ನೂ ಸಾಬೀತಾಗಿಲ್ಲ. ನಮ್ಮ ಕಡೆಯ ಅಗಸೆ ಹಿಂಡಿ ರೊಟ್ಟಿಗೆ ಸೊಗಸು, ಆದರೆ ಅಗಸೆಯಲ್ಲಿರುವ ಒಮೆಗಾ-3 ಕೊಬ್ಬಿನಲ್ಲಿ ನಮ್ಮ ದೇಹದೊಳಗೆ ಡಿಎಚ್‌ಎ ಆಗಿ ಬದಲಾಗುವುದು ಅತ್ಯಲ್ಪ.

ಮುಂದೆ ಕೊಂಡರೂ ಡಬ್ಬಿಯ ಮುಂಭಾಗದ ‘1000 ಮಿ.ಗ್ರಾಂ ಮೀನೆಣ್ಣೆ’ ನಂಬದೆ ಹಿಂಭಾಗದಲ್ಲಿ ಡಿಎಚ್‌ಎ ಎಷ್ಟಿದೆ ಎಂದು ಓದಿ. ಎಫ್‌ಎಸ್‌ಎಸ್‌ಎಐ (ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ ಸಂಖ್ಯೆ ಇರಲೇಬೇಕು. ಉದ್ದೀಪನ ಮದ್ದಿನ ಪರೀಕ್ಷೆ ಇರುವ ಮಟ್ಟದಲ್ಲಿ ಆಡುವವನಾದರೆ ನಿಷೇಧಿತ ಮದ್ದಿಗಾಗಿ ಪರೀಕ್ಷಿಸಿ ಕೊಡುವ ‘ಇನ್‌ಫಾರ್ಮ್ಡ್ ಸ್ಪೋರ್ಟ್’ ಗುರುತಿನ ಡಬ್ಬಿಯನ್ನೇ ಕೊಂಡು, ಬ್ಯಾಚ್ ಸಂಖ್ಯೆಯನ್ನು ಅವರ ಜಾಲತಾಣದಲ್ಲಿ ತಾಳೆ ನೋಡಿ.